‘ಒರು ವಡಕ್ಕನ್ ವೀರಗಾಥ’ ನೋಡುವ ಮೊದಲು ಹಾಡಿನ ಕತೆ ಎಷ್ಟು ಗೊತ್ತಿರಬೇಕು?

ಪ್ರಶ್ನೆ

1989ರ ಮಲಯಾಳ ಚಿತ್ರ ‘ಒರು ವಡಕ್ಕನ್ ವೀರಗಾಥ’ ನೋಡಬೇಕೆಂದಿದ್ದೇನೆ. ಮಲಯಾಳ ಅಷ್ಟಿಷ್ಟು ಅರ್ಥವಾಗುತ್ತದೆ, ಆದರೆ ಅದರ ಮೂಲವಾದ ವಡಕ್ಕನ್ ಪಾಟ್ಟುಗಳ (ಉತ್ತರ ಕೇರಳದ ವೀರಗೀತೆಗಳು) ಪರಿಚಯವಿಲ್ಲ. ಮೂಲ ಕತೆ ಗೊತ್ತಿಲ್ಲದೆ ನೋಡಿದರೆ ಏನು ತಪ್ಪಿಹೋಗುತ್ತದೆ? ಕತ್ತಿಗೆ ಬಿದಿರಿನ ಆಣಿ ಹಾಕಿದ ಪ್ರಸಂಗವನ್ನು ಎಲ್ಲರೂ ಎತ್ತುತ್ತಾರೆ, ಅದೇನು? ತಚ್ಚೋಳಿ ಒದೇನನೂ ಇದರಲ್ಲಿ ಬರುತ್ತಾನೆಯೇ? ಕೊನೆ ಹೇಳಿಬಿಟ್ಟರೂ ಬೇಸರವಿಲ್ಲ.

ಉತ್ತರ 1

ಒದೇನ ಬರುವುದಿಲ್ಲ. ವಡಗರ ಸುತ್ತಲಿನ ಕಡತ್ತನಾಡಿನ ಈ ಹಾಡುಗಳಲ್ಲಿ ಎರಡು ದೊಡ್ಡ ಗುಂಪು: ಪುತ್ತೂರಂ ಮನೆಯವರ ಹಾಡು, ತಚ್ಚೋಳಿ ಮನೆಯವರ ಹಾಡು. ಒದೇನ ಎರಡನೆಯದಕ್ಕೆ ಸೇರಿದವನು. ಈ ಸಿನಿಮಾ ಪೂರ್ತಿ ಪುತ್ತೂರಂ ಮನೆಯದು.

ಹಾಡಿನ ಕತೆ ಹೀಗಿದೆ. ಉಣ್ಣಿಕೋನಾರ್ ಮತ್ತು ಉಣ್ಣಿಚಂದ್ರೋರ್ ನಡುವೆ ಹಕ್ಕಿನ ತಕರಾರು. ಆಗಿನ ಪದ್ಧತಿಯಂತೆ ಇಬ್ಬರೂ ಹಣ ಕೊಟ್ಟು ಒಬ್ಬೊಬ್ಬ ಚೇಕವನನ್ನು (ಕಾಳಗವೇ ವೃತ್ತಿಯಾದ ವೀರ) ಕರೆತರುತ್ತಾರೆ. ಎತ್ತರಿಸಿ ಕಟ್ಟಿದ ಅಂಗತ್ತಟ್ಟಿನ ಮೇಲೆ ಅವರಿಬ್ಬರ ಕಾಳಗ. ಗೆದ್ದವನ ಕಡೆಗೆ ನ್ಯಾಯ. ಅಂದರೆ ಸಾಯುವವನಿಗೂ ಕೊಲ್ಲುವವನಿಗೂ ಆ ಜಗಳದಲ್ಲಿ ಸ್ವಂತದ್ದೇನೂ ಇಲ್ಲ. ಒಂದು ಕಡೆ ಪುತ್ತೂರಂ ಮನೆಯ ಆರೋಮಲ್, ಇನ್ನೊಂದು ಕಡೆ ಅರಿಂಗೋಡರ್. ಆರೋಮಲನ ಜೊತೆಗೆ ಬೆಂಬಲಕ್ಕೆ ಹೋದವನು ಚಂದು. ಕಾಳಗದ ನಡುವೆ ಆರೋಮಲನ ಚುರಿಕೆ (ಗಿಡ್ಡ ಕತ್ತಿ) ಮುರಿಯುತ್ತದೆ. ಮುರಿದ ತುಂಡನ್ನೇ ಎಸೆದು ಅವನು ಅರಿಂಗೋಡರನನ್ನು ಕೊಲ್ಲುತ್ತಾನೆ. ಗಾಯಗೊಂಡು, ದಣಿದು ಚಂದುವಿನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ ಚಂದು ದೀಪದ ಕಂಬದಿಂದ ಆ ಗಾಯಕ್ಕೇ ತಿವಿಯುತ್ತಾನೆ. ಮುಂದೆ ಆರೋಮಲನ ಸೋದರಿ ಉಣ್ಣಿಯಾರ್ಚೆಯ ಮಗ ಆರೋಮಲುಣ್ಣಿ ಸೇಡು ತೀರಿಸಿಕೊಳ್ಳುತ್ತಾನೆ. ಹಾಡು ಚಂದುವಿಗೆ ಕೊಟ್ಟ ಹೆಸರು ‘ಚತಿಯನ್ ಚಂದು’, ಅಂದರೆ ಮೋಸಗಾರ ಚಂದು.

ಕೇರಳದ ಪ್ರೇಕ್ಷಕರು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಚಿತ್ರಮಂದಿರಕ್ಕೆ ಬಂದಿದ್ದರು. ಚಿತ್ರಕತೆ ಬರೆದ ಎಂ. ಟಿ. ವಾಸುದೇವನ್ ನಾಯರ್ ಘಟನೆಗಳನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟು, ಪ್ರತಿಯೊಂದರ ಕಾರಣವನ್ನು ಮಾತ್ರ ಬದಲಿಸಿದ್ದಾರೆ. ಹಾಡು ಗೊತ್ತಿಲ್ಲದವರಿಗೆ ಇದು ಒಬ್ಬ ನತದೃಷ್ಟ ವೀರನ ಕತೆಯಾಗಿ ಮಾತ್ರ ಕಾಣುತ್ತದೆ. ಗೊತ್ತಿದ್ದವರಿಗೆ, ಊರೆಲ್ಲ ತಪ್ಪಿತಸ್ಥ ಎಂದು ತೀರ್ಮಾನಿಸಿದವನು ಮೊದಲ ಸಲ ಬಾಯಿ ತೆರೆದಂತೆ ಕೇಳಿಸುತ್ತದೆ. ಹಾಡಿನ ಧಾಟಿಯಲ್ಲೇ ಕತೆ ನೋಡಬೇಕೆಂದರೆ ಮೊದಲು ಕುಂಜಾಕ್ಕೋ ಅವರ ‘ಉಣ್ಣಿಯಾರ್ಚ’ (1961) ನೋಡಿ.

ಉತ್ತರ 2

ಆಣಿಯ ವಿಷಯ ಹೇಳುತ್ತೇನೆ, ಏಕೆಂದರೆ ಇಡೀ ಆರೋಪ ನಿಂತಿರುವುದು ಅದರ ಮೇಲೆ. ‘ಮರದ ಕತ್ತಿ ಕೊಟ್ಟ’ ಎಂದು ಕೆಲವರು ಬರೆಯುತ್ತಾರೆ, ಅದು ತಪ್ಪು. ಆರೋಮಲನ ಚುರಿಕೆಯ ಕಬ್ಬಿಣದ ಆಣಿ ತೆಗೆದು ಬಿದಿರಿನ ಆಣಿ (ಮುಳಯಾಣಿ) ಹೊಡೆದು, ‘ಪೊನ್‌ಕಾರ’ ಹಾಕಿ ಬೆಸೆಯಲು ಚಂದು ಕೊಲ್ಲನಿಗೆ 16 ಪಣ (ಹಳೆಯ ನಾಣ್ಯ) ಕೊಟ್ಟ ಎಂಬುದು ಆರೋಪ. ಪೊನ್‌ಕಾರ ಎಂದರೆ ನಮ್ಮ ಬಿಳಿಗಾರ. ಬಿಳಿಗಾರ ತಾನೇ ಅಂಟಲ್ಲ. ಕಾದ ಲೋಹದ ಮೇಲಿನ ಕಿಟ್ಟವನ್ನು ಕರಗಿಸಿ ಬೆಸುಗೆ ಚೆನ್ನಾಗಿ ಹರಿಯುವಂತೆ ಮಾಡುತ್ತದೆ.

ಇದು ಯಾಕೆ ಇಷ್ಟು ಸೂಕ್ಷ್ಮವಾದ ಮೋಸ? ಏಟು ಬಿದ್ದಾಗ ಅಲಗು ಒಂದು ಕಡೆಗೆ, ಹಿಡಿ ಇನ್ನೊಂದು ಕಡೆಗೆ ಜಗ್ಗುತ್ತದೆ. ಆ ಎಳೆತವನ್ನು ತಡೆಯುವುದು ಆಣಿ. ಕಬ್ಬಿಣದ ಆಣಿ ಬಗ್ಗೀತು, ಬೇಗ ತುಂಡಾಗದು. ಬಿದಿರು ನಾರಿನ ಉದ್ದಕ್ಕೆ ಸೀಳುತ್ತದೆ. ಮೇಲೆ ಬೆಸುಗೆ ಮುಚ್ಚಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಕೈಯಲ್ಲಿ ಬೀಸಿ ನೋಡಿದರೂ ಗೊತ್ತಾಗುವುದಿಲ್ಲ. ಎದುರಾಳಿಯ ಏಟನ್ನು ಮತ್ತೆ ಮತ್ತೆ ತಡೆದಾಗಲೇ ಬಿಡುತ್ತದೆ, ಅಂದರೆ ಅಂಗತ್ತಟ್ಟಿನ ಮೇಲೆಯೇ.

ಸಿನಿಮಾದಲ್ಲೂ ಚುರಿಕೆ ಮುರಿಯುತ್ತದೆ, ಆದರೆ ಆ ಕೈವಾಡ ಚಂದುವಿನದಲ್ಲ. ಯಾರದೆಂಬುದನ್ನು ತೆರೆಯ ಮೇಲೆಯೇ ನೋಡಿ. ಕೊಲ್ಲನ ಕುಲುಮೆಯ ದೃಶ್ಯ ಬಂದಾಗ ಫೋನ್ ಕೆಳಗಿಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಚಂದು ಆ ಮನೆಯವನೇ ಅಲ್ಲವೇ? ಹಾಗಿದ್ದೂ ಯಾಕೆ ಹೊರಗಿನವನಂತೆ ನೋಡುತ್ತಾರೆ?

ಉತ್ತರ 3

ಇಂಗ್ಲಿಷ್ ಅಡಿಬರಹ ನಂಬಿದರೆ ಇಲ್ಲೇ ಎಡವುತ್ತೀರಿ. ‘ಮಚ್ಚುನನ್’ ಎಂಬ ಮಾತನ್ನು ‘ಕಸಿನ್’ ಎಂದು ಓದಿಕೊಂಡರೆ ಕತೆಯ ಅರ್ಧ ಬಲ ಹೋಯಿತು. ಚಂದು ಕಣ್ಣಪ್ಪ ಚೇಕವರರ ತಂಗಿಯ ಮಗ. ಆರೋಮಲ್, ಉಣ್ಣಿಯಾರ್ಚೆ ಕಣ್ಣಪ್ಪರ ಮಕ್ಕಳು. ಅಂದರೆ ಉಣ್ಣಿಯಾರ್ಚೆಗೆ ಚಂದು ಸೋದರತ್ತೆಯ ಮಗ, ಕೇಳುವ ಹಕ್ಕಿರುವ ವರ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವ ವಾಡಿಕೆ ಇರುವುದರಿಂದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾವನ ಮನೆಯಲ್ಲೇ ಬೆಳೆದ ಹುಡುಗ, ವಿದ್ಯೆಯಲ್ಲಿ ಆ ಮನೆಯ ಮಗನಿಗೆ ಸಮ, ಹುಡುಗಿ ಮಾತ್ರ ಆಟುಮ್ಮಣಮ್ಮೇಲ್ ಕುಂಞಿರಾಮನ ಪಾಲಾಗುತ್ತಾಳೆ.

ಉತ್ತರ 1ರಲ್ಲಿ ಬಿಟ್ಟುಹೋದದ್ದೊಂದಿದೆ: ಕಾರಣ ಅತಿ ಹೆಚ್ಚು ಬದಲಾಗಿರುವುದು ಉಣ್ಣಿಯಾರ್ಚೆಯ ವಿಷಯದಲ್ಲಿ. ಹಾಡಿನಲ್ಲಿ ಅವಳು ಉರುಮಿ (ಬಳುಕುವ ಉದ್ದ ಕತ್ತಿ) ಹಿಡಿದು ದಾರಿಗಡ್ಡ ಬಂದವರನ್ನು ನಡುಗಿಸಿದ ಧೀರೆ. ಇಲ್ಲಿ ಅವಳೇ ಚಂದುವನ್ನು ಕರೆದು, ಸಿಕ್ಕಿಬೀಳುವ ಹೊತ್ತಿಗೆ ಅವನ ಮೇಲೆ ಅಪವಾದ ಹೊರಿಸುತ್ತಾಳೆ. ಒಬ್ಬನ ಹೆಸರು ತೊಳೆಯಲು ಇನ್ನೊಬ್ಬಳ ಹೆಸರಿಗೆ ಮಸಿ ಬಳಿದಂತಾಯಿತು ಎಂಬ ಆಕ್ಷೇಪ ನನ್ನದೂ ಹೌದು. ಚಿತ್ರಕತೆಯ ದೊಡ್ಡತನವನ್ನು ಒಪ್ಪಿಯೇ ಈ ಮಾತು. ಮಾಧವಿ ಆ ಪಾತ್ರವನ್ನು ಬರೀ ಕೆಟ್ಟವಳನ್ನಾಗಿ ಮಾಡಿಲ್ಲ. ‘ಹಾಲು ಜೇನು’ ಚಿತ್ರದ ಅದೇ ಮಾಧವಿ.

ಕಳರಿಯ (ಯುದ್ಧವಿದ್ಯೆ ಕಲಿಸುವ ಅಂಕಣ) ದೃಶ್ಯಗಳಲ್ಲಿ ನೆಲವನ್ನು ಗಮನಿಸಿ. ಸಾಂಪ್ರದಾಯಿಕ ಕುಳಿಕ್ಕಳರಿ 42 ಅಡಿ ಉದ್ದ, 21 ಅಡಿ ಅಗಲದ, ನೆಲಮಟ್ಟಕ್ಕಿಂತ ಕೆಳಗೆ ಅಗೆದ ಅಂಕಣ. ನೈಋತ್ಯದ ಮೂಲೆಯಲ್ಲಿ ಏಳು ಮೆಟ್ಟಿಲ ಪೂತ್ತರ (ಪೂಜೆಯ ಪೀಠ). ಕಲಿಕೆ ಮೈತ್ತಾರಿಯಿಂದ (ಮೈ ಪಳಗಿಸುವುದು) ಕೋಲ್ತ್ತಾರಿಗೆ (ಕೋಲಿನ ವರಸೆ), ಅಲ್ಲಿಂದ ಲೋಹದ ಆಯುಧಗಳ ಅಂಗತ್ತಾರಿಗೆ ಹೋಗುತ್ತದೆ.

ಉತ್ತರ 4

ಕರಾವಳಿಯವರಿಗೆ ಒಂದು ಸುಲಭದ ಹಿಡಿಕೆ: ತುಳು ಹಾಡುಗತೆಯಾದ ಪಾಡ್ದನದ ಕೋಟಿ-ಚೆನ್ನಯರನ್ನು ನೆನಪಿಸಿಕೊಳ್ಳಿ. ಆಯುಧ ಹಿಡಿದ ವೀರರು, ಗರಡಿ, ಹಾಡಿನಲ್ಲೇ ಉಳಿದ ಹೆಸರು. ಆದರೆ ಕೋಟಿ-ಚೆನ್ನಯರಿಗೆ ಗರಡಿಗಳಲ್ಲಿ ಪೂಜೆ ಸಿಕ್ಕಿತು, ಚಂದುವಿಗೆ ಸಿಕ್ಕಿದ್ದು ಬೈಗುಳ.

ಇನ್ನೊಂದು ನಂಟು ಪಿ. ಕೃಷ್ಣಮೂರ್ತಿ ಅವರದು. ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ಗೆ ಕಲಾ ನಿರ್ದೇಶನ ಮಾಡಿದ್ದವರು ಅವರೇ. ಈ ಚಿತ್ರದ ಕಲೆ ಮತ್ತು ವಸ್ತ್ರವಿನ್ಯಾಸ ಎರಡಕ್ಕೂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕತೆಗೆ ಎಂ. ಟಿ. ಅವರಿಗೆ, ನಟನೆಗೆ ಚಂದುವಿನ ಪಾತ್ರದ ಮಮ್ಮೂಟ್ಟಿಗೆ (‘ಮದಿಲುಗಳ್’ ಚಿತ್ರದ ಜೊತೆ ಸೇರಿಸಿ) ಬಂದದ್ದೂ ಅದೇ ವರ್ಷ. ಹಿಂದಿನ ವಡಕ್ಕನ್ ಪಾಟ್ಟು ಚಿತ್ರಗಳ ಥಳಕಿನ ಉಡುಪಿನ ಪಕ್ಕ ಇದನ್ನಿಟ್ಟು ನೋಡಿ. ಇಲ್ಲಿ ಮಣ್ಣು, ಎಣ್ಣೆದೀಪ, ಬರಿಮೈ.

2025ರ ಫೆಬ್ರವರಿಯಲ್ಲಿ 4ಕೆ ಪ್ರತಿ ಮತ್ತೆ ತೆರೆಗೆ ಬಂದಿತ್ತು. ರಾತ್ರಿಯ ದೃಶ್ಯಗಳು ಬಹಳ ಇವೆ, ಹಳೆಯ ಮಸುಕು ಪ್ರತಿಯಲ್ಲಿ ದೀಪದ ಬೆಳಕಿನ ಮುಖಗಳು ಕಪ್ಪಾಗಿಬಿಡುತ್ತವೆ. ಆದ್ದರಿಂದ ಹೊಸ ಪ್ರತಿಯನ್ನೇ ಹುಡುಕಿ, ಕೋಣೆ ಕತ್ತಲು ಮಾಡಿಕೊಂಡು ನೋಡಿ.