ಬೆರಳಿಗೆ ಕೀವಾದ ಹುಡುಗನನ್ನು ಕೆಲಸದಿಂದ ತೆಗೆಯಬೇಕಾ?

ಖಾನಾವಳಿ ಅಕ್ಕ, ಕಾರವಾರ: ನಮ್ಮದು ಮೀನೂಟದ ಸಣ್ಣ ಖಾನಾವಳಿ. ಆರು ಜನ ಕೆಲಸಕ್ಕಿದ್ದಾರೆ. ಮೀನು ಹೆಚ್ಚುವ ಹುಡುಗನ ಬೆರಳಿಗೆ ಮುಳ್ಳು ಚುಚ್ಚಿ ಕೀವಾಯಿತು. ಎರಡು ಸಲ ಆಂಟಿಬಯೋಟಿಕ್ ತಿಂದರೂ ಒಣಗಲಿಲ್ಲ. ಕೀವು ಟೆಸ್ಟ್ ಮಾಡಿಸಿದರೆ ಎಂಆರ್‌ಎಸ್‌ಎ ಅಂತ ಬಂತು, ಮಾಮೂಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಅಂತೆ. ಈಗ ಎಲ್ಲರೂ ಅವನನ್ನು ಬಿಡಿಸು ಅನ್ನುತ್ತಿದ್ದಾರೆ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಏನು ಮಾಡಲಿ?

ಶಿರಸಿ ಅಡುಗೆಯವ: ತಂಗಿ, ಇಷ್ಟು ಹೆದರಬೇಡ. ಮೂವತ್ತು ವರ್ಷದಿಂದ ಮದುವೆ ಮನೆ ಅಡುಗೆ ಮಾಡುತ್ತಿದ್ದೇನೆ. ಚೆನ್ನಾಗಿ ಕುದಿಸಿದರೆ ಯಾವ ಕ್ರಿಮಿಯೂ ಉಳಿಯುವುದಿಲ್ಲ.

ಕುಮಟಾ ಲ್ಯಾಬ್: ಅಣ್ಣ, ಅರ್ಧ ಸರಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಬಗ್ಗುತ್ತದೆ. ಉಳಿದವುಗಳ ಹಾಗೇ ಅದೂ ಸಾಯುತ್ತದೆ. ಆದರೆ ಎಂಆರ್‌ಎಸ್‌ಎ ಸ್ಟ್ಯಾಫ್ ಅನ್ನುವ ಬ್ಯಾಕ್ಟೀರಿಯಾ ಜಾತಿಗೆ ಸೇರಿದ್ದು, ಈ ಸ್ಟ್ಯಾಫ್ ಅಡುಗೆಯಲ್ಲಿ ಬೆಳೆಯುವಾಗ ವಿಷ ಬಿಡಬಹುದು. ಆ ವಿಷ ಕುದಿಸಿದರೂ ಹೋಗುವುದಿಲ್ಲ. ಬೆಳಿಗ್ಗೆ ಮಾಡಿಟ್ಟ ಪಾಯಸ ಮಧ್ಯಾಹ್ನದವರೆಗೆ ಸೆಕೆಯಲ್ಲಿ ಕೂತಿದ್ದರೆ, ಉಂಡ ಎರಡು ಮೂರು ತಾಸಿಗೆ ಸಾಲಾಗಿ ವಾಂತಿ ಶುರು. ಆಗ ಆಂಟಿಬಯೋಟಿಕ್ ತಿಂದೂ ಉಪಯೋಗ ಇಲ್ಲ, ಕಾಟ ಕೊಡುತ್ತಿರುವುದು ವಿಷ.

ಇನ್ನೊಂದು. ನಿಮ್ಮ ಕಡೆಯ ತಂಬುಳಿ, ಕೋಸಂಬರಿ ಬೆಂಕಿ ಕಾಣುತ್ತವಾ? ಅಕ್ಕನ ಸೋಲ್ ಕಡಿಗೆ ಕಾಯಿಹಾಲು ಕೈಯಲ್ಲೇ ಹಿಂಡುವುದು ಅಲ್ವಾ?

ಶಿರಸಿ ಅಡುಗೆಯವ: ತಂಬುಳಿ ವಿಷಯ ನಿಜ. ಒಗ್ಗರಣೆ ಬಿಟ್ಟರೆ ಮಜ್ಜಿಗೆ ತಣ್ಣಗೇ ಇರುತ್ತದೆ. ಅದನ್ನು ನಾನು ಯೋಚಿಸಿರಲಿಲ್ಲ.

ಅಂಕೋಲಾ ಗಿರಾಕಿ: ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯಲು ಏಳು ತಿಂಗಳು ಬೇಕಾಯಿತು, ಒಂದಾದ ಮೇಲೊಂದು ಇಂಜೆಕ್ಷನ್. ಹಾಗಾಗಿ ಕೇಳುತ್ತಿದ್ದೇನೆ, ಬಡಿಸುವವರನ್ನೂ ಸೇರಿಸಿ ಎಲ್ಲರ ಮೂಗು, ಕೈ ಟೆಸ್ಟ್ ಮಾಡಿಸಿ. ಈ ಬ್ಯಾಕ್ಟೀರಿಯಾ ಇದ್ದವರು ಅಡುಗೆಮನೆಗೆ ಬರುವುದು ಬೇಡ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಬೇಕು ಅಂತ 2011ರ ಆಹಾರ ಸುರಕ್ಷತೆ ನಿಯಮದಲ್ಲೇ ಇದೆ.

ಖಾನಾವಳಿ ಅಕ್ಕ, ಕಾರವಾರ: ಇದೆ, ಮಾಡಿಸಿದ್ದೇವೆ. ಆರು ಜನ ಸಾಲಾಗಿ ನಿಂತೆವು. ಒಬ್ಬರ ಕೈಯನ್ನೂ ತಿರುಗಿಸಿ ನೋಡಲಿಲ್ಲ, ಸಹಿ ಹಾಕಿ ಕೊಟ್ಟರು. ಆ ಕಾಗದ ಗೋಡೆ ಮೇಲಿದೆ. ಅದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಕುಮಟಾ ಲ್ಯಾಬ್: ಅಂಕೋಲಾದವರೇ, ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಲೆಕ್ಕ ನೋಡಿ. ಆರೋಗ್ಯವಂತರಲ್ಲೂ ಹತ್ತರಲ್ಲಿ ಸುಮಾರು ಮೂರು ಜನರ ಮೂಗಿನಲ್ಲಿ ಸ್ಟ್ಯಾಫ್ ಇರುತ್ತದೆ. ಅದರಲ್ಲಿ ಸ್ವಲ್ಪ ಜನರದ್ದು ಔಷಧಕ್ಕೆ ಬಗ್ಗದ್ದು. ಅದು ನಿಮ್ಮ ಮೂಗಿನಲ್ಲೂ ಇರಬಹುದು, ನನ್ನದರಲ್ಲೂ. ಇವತ್ತು ಇಲ್ಲ ಅಂತ ಬಂದವನಿಗೆ ಮುಂದಿನ ತಿಂಗಳು ಇರಬಹುದು. ಕರುಳಿನಲ್ಲಿರುವ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ್ದೂ ಇದೇ ಕಥೆ.

ಟೆಸ್ಟ್ ಆದ ಕೂಡಲೇ ಕೆಲಸ ಹೋಗುತ್ತದೆ ಅಂತಾದರೆ ಯಾರು ಗಾಯ ತೋರಿಸುತ್ತಾರೆ? ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಅಂತ ಅಡುಗೆಯವಳಿದ್ದಳು. ತನಗೆ ಏನೂ ಕಾಯಿಲೆ ಕಾಣದಿದ್ದರೂ ಅವಳಿಂದ ಟೈಫಾಯ್ಡ್ ಹರಡುತ್ತಿತ್ತು. 1907ರಲ್ಲಿ ಹಿಡಿದು ಬೇರೆ ಇಟ್ಟರು. 1910ರಲ್ಲಿ ಅಡುಗೆ ಮಾಡಬೇಡ ಅಂತ ಬಿಟ್ಟರು. ಬೇರೆ ಕೆಲಸದಲ್ಲಿ ಕೂಲಿ ಕಡಿಮೆ. ಅವಳು ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೇ ಹೋದಳು. 1915ರಲ್ಲಿ ಸಿಕ್ಕಿದ್ದು ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ.

ಅಂಕೋಲಾ ಗಿರಾಕಿ: ಸರಿ, ಹಾಗಂತ ಕೀವಿರುವ ಕೈಯಲ್ಲಿ ಮಾಡಿದ್ದನ್ನು ನಾನು ತಿನ್ನಬೇಕಾ?

ಕುಮಟಾ ಲ್ಯಾಬ್: ಖಂಡಿತ ಬೇಡ. ಮೂಗಿನಲ್ಲಿ ಸುಮ್ನೆ ಇರುವುದು ಬೇರೆ, ಕೀವು ಸುರಿಯುವ ಗಾಯ ಬೇರೆ. ಗಾಯ ಒಣಗುವವರೆಗೆ ಆ ಹುಡುಗ ಅಡುಗೆಮನೆಯಲ್ಲಿ ಇರಬಾರದು. ಕೈಗವಸು ಹಾಕಿಸಿದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ಎಂಆರ್‌ಎಸ್‌ಎಗೆ ಬೇರೆ ಔಷಧಗಳಿವೆ, ವಾಸಿಯಾಗುತ್ತದೆ.

ಹೊನ್ನಾವರ ಮೆಡಿಕಲ್: ಔಷಧ ಅಂಗಡಿಯವನಾಗಿ ಒಂದು ಮಾತು. ಹೋಟೆಲ್ ಹುಡುಗರು, ಬೋಟಿನವರು ರಾತ್ರಿ ಒಂಬತ್ತಕ್ಕೆ ಬರುತ್ತಾರೆ. "ಅಣ್ಣ, ಎರಡೇ ಗುಳಿಗೆ ಕೊಡಿ, ನಾಳೆ ಕೆಲಸಕ್ಕೆ ಹೋಗಬೇಕು." ಚೀಟಿ ಇರುವುದಿಲ್ಲ. ಮೊದಲು ನಾನೂ ಕೊಟ್ಟಿದ್ದೇನೆ, ಅದು ತಪ್ಪು. 2014ರಿಂದ ಜಾಸ್ತಿ ಪವರಿನ ಹಲವು ಆಂಟಿಬಯೋಟಿಕ್‌ಗಳು ಎಚ್-1 ಪಟ್ಟಿಯಲ್ಲಿವೆ. ಚೀಟಿ ನೋಡಿ, ಹೆಸರು ಬರೆದುಕೊಂಡೇ ಕೊಡಬೇಕು. ಗುಳಿಗೆಯ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಹೇಳದೆ ತಿನ್ನಬಾರದು. ಈಗ ನಾನು ಇಲ್ಲ ಅನ್ನುತ್ತೇನೆ. ಆ ಹುಡುಗ ಮುಂದಿನ ಅಂಗಡಿಗೆ ಹೋಗುತ್ತಾನೆ.

ತಟ್ಟೆ ತೊಳೆಯುವವ, ಭಟ್ಕಳ: ನಾವು ಯಾಕೆ ಎರಡೇ ಗುಳಿಗೆ ಕೇಳುತ್ತೇವೆ ಗೊತ್ತಾ? ಡಾಕ್ಟರ ಹತ್ತಿರ ಹೋದರೆ ಅರ್ಧ ದಿನ ಹೋಯಿತು. ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಭೇದಿ ಆಗುತ್ತಿದ್ದರೂ ನಾನು ಕೆಲಸಕ್ಕೆ ಹೋಗಿದ್ದೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಮನೆಯಲ್ಲಿ ಅಕ್ಕಿ ಇರಲಿಲ್ಲ.

ಅಂಕೋಲಾ ಗಿರಾಕಿ: ತಮ್ಮಾ, ಇದನ್ನು ಓದಿ ಏನು ಹೇಳಬೇಕೋ ತಿಳಿಯುತ್ತಿಲ್ಲ. ಟೆಸ್ಟ್ ಬೇಕು ಅನ್ನುವುದನ್ನು ನಾನು ಪೂರ್ತಿ ಬಿಡುವುದಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲಾದರೂ ಬೇಕು. ಆದರೆ ಮೊದಲು ಬೇಕಾದ್ದು ಸಂಬಳ ಸಹಿತ ರಜೆ, ಅದನ್ನು ಒಪ್ಪುತ್ತೇನೆ.

ಶಿರಸಿ ಅಡುಗೆಯವ: ನಮ್ಮದು ಗುತ್ತಿಗೆ ಕೆಲಸ. ಸೀಸನ್ನಿನಲ್ಲಿ ಒಬ್ಬ ಕಡಿಮೆಯಾದರೂ ಐನೂರು ಎಲೆ ಊಟ ನಿಂತುಹೋಗುತ್ತದೆ. ರಜೆ ಸಂಬಳ ಯಾರು ಕೊಡುತ್ತಾರೆ? ಮದುವೆ ಮನೆಯವರು ಕೊಡುತ್ತಾರಾ?

ಖಾನಾವಳಿ ಅಕ್ಕ, ಕಾರವಾರ: ನಿಮ್ಮ ಕಷ್ಟಕ್ಕೆ ನನ್ನಲ್ಲಿ ಉತ್ತರ ಇಲ್ಲ ಅಣ್ಣ. ನನ್ನ ಮಟ್ಟಿಗೆ, ಹುಡುಗನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಗಾಯ ಒಣಗಿ ಡಾಕ್ಟರ್ ಸರಿ ಅನ್ನುವವರೆಗೆ ಮನೆಯಲ್ಲಿರು, ಪಗಾರ ಪೂರ್ತಿ ಕೊಡುತ್ತೇನೆ ಅಂತ. ಅವನು ಅತ್ತ. ಮೀನು ಹೆಚ್ಚಲು ನಾನೇ ಕೂರುತ್ತೇನೆ. ಕೈ ತೊಳೆಯುವ ನಲ್ಲಿ ಹಿತ್ತಲಲ್ಲಿದೆ, ಸಾಬೂನು ಅರ್ಧ ದಿನ ಇರುವುದೇ ಇಲ್ಲ. ನಾಳೆ ಪ್ಲಂಬರ್ ಬರುತ್ತಾನೆ. ಒಲೆಯ ಪಕ್ಕದಲ್ಲೇ ಒಂದು ಸಿಂಕ್ ಹಾಕಿಸುತ್ತಿದ್ದೇನೆ.

ಅಂಕೋಲಾ ಗಿರಾಕಿ: ಊಟಕ್ಕೆ ಕೂತವರಿಗೆ ಕಾಣುವ ಹಾಗೆ ಹಾಕಿಸಿ ಅಕ್ಕ.