ಎರಡು ರಾತ್ರಿ ಆಟ ಆಯ್ತು, ಈಗ ಮೇಲಿನ ಷಡ್ಜ ಬರುತ್ತಿಲ್ಲ

ಹವ್ಯಾಸಿ_ಭಾಗವತ:
ಉಡುಪಿ ಕಡೆಯವನು. ಹಗಲು ಶಾಲೆಯಲ್ಲಿ ಪಾಠ, ರಜೆ ಸಿಕ್ಕಿದಾಗ ಯಕ್ಷಗಾನದಲ್ಲಿ ಭಾಗವತಿಕೆ, ಅಂದರೆ ಪದ್ಯ ಹಾಡುವುದು. ಮೊನ್ನೆ ಸಾಲಾಗಿ ಎರಡು ರಾತ್ರಿ ಆಟ ಇತ್ತು. ಎರಡನೇ ದಿನ ಯುದ್ಧದ ಪ್ರಸಂಗ, ಚೆಂಡೆ ಕಿವಿಯ ಬುಡದಲ್ಲೇ, ಮಾನಿಟರ್ ಸ್ಪೀಕರ್ ಇಲ್ಲ, ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ, ಹಾಗಾಗಿ ಏರುಪದ್ಯ ಎಲ್ಲ ಕಿರುಚಿಯೇ ಹೇಳಿದೆ. ಇವತ್ತಿಗೆ ಒಂಬತ್ತು ದಿನ. ಮಾತು ಬರುತ್ತದೆ, ಮೇಲಿನ ಷಡ್ಜಕ್ಕೆ ಹೋದರೆ ಬರೀ ಗಾಳಿ. ಕಾಳುಮೆಣಸಿನ ಕಷಾಯ, ಜೇನು ಎಲ್ಲ ಆಯ್ತು. ಶನಿವಾರ ಇನ್ನೊಂದು ಆಟ ಒಪ್ಪಿಕೊಂಡಿದ್ದೇನೆ. ಶ್ರುತಿ ಇಳಿಸಿ ಹೇಳಬಹುದಾ?

ಮದ್ದಳೆ_ಪೆಟ್ಟು:
ಬೇಡ ಮಾರಾಯ್ರೇ. ನಮ್ಮ ತಂಡದ ಭಾಗವತರೊಬ್ಬರು ಹೀಗೇ ಹೋಗಿ, ಆ ವರ್ಷ ಪತ್ತನಾಜೆವರೆಗೂ, ಅಂದರೆ ಮೇ ಕೊನೆಗೆ ತಿರುಗಾಟ ಮುಗಿಯುವವರೆಗೂ, ಜಾಗಟೆ ಮುಟ್ಟಲಿಲ್ಲ.

ವಾಕ್_ಚಿಕಿತ್ಸಕಿ:
ಕಷಾಯ ಕುಡಿಯಿರಿ, ಆದರೆ ಅದು ಸ್ವರತಂತುವಿಗೆ ತಾಗುವುದೇ ಇಲ್ಲ, ತಾಗಿದ್ದರೆ ಕೆಮ್ಮಿ ಸುಸ್ತಾಗುತ್ತಿದ್ದಿರಿ! ಬಿಸಿನೀರಿನ ಹಬೆ ತಾಗುತ್ತದೆ. ನಿಮ್ಮ ಶ್ರುತಿ ಕಪ್ಪು ಎರಡಾದರೆ (ಹಾರ್ಮೋನಿಯಂನ ಎರಡನೇ ಕಪ್ಪು ಮನೆ), ಮೇಲಿನ ಷಡ್ಜದಲ್ಲಿ ಆ ತಂತುಗಳು ಸೆಕೆಂಡಿಗೆ ಸುಮಾರು 300 ಸಲ ಒಂದಕ್ಕೊಂದು ಬಡಿಯುತ್ತವೆ. ಊದಿಕೊಂಡಿದ್ದರೆ ಅಂಚು ಸರಿಯಾಗಿ ಸೇರುವುದಿಲ್ಲ, ಸಂದಿಯಲ್ಲಿ ಗಾಳಿ ಸೋರುತ್ತದೆ. ಪಿಸುಗುಟ್ಟಿದರೆ ಗಂಟಲಿಗೆ ಆರಾಮ ಅಂದುಕೊಳ್ಳಬೇಡಿ, ಎಷ್ಟೋ ಜನ ಪಿಸುಮಾತಿನಲ್ಲೇ ಜಾಸ್ತಿ ಬಿಗಿಯುತ್ತಾರೆ. ಪದೇ ಪದೇ ಖಾಕರಿಸುವುದೂ ಬೇಡ. ತುಸು ಸುಧಾರಿಸಿದ ಮೇಲೆ ಸ್ಟ್ರಾ ತುದಿಯನ್ನು ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿ, ಮೆಲ್ಲಗೆ 'ಊ' ಅನ್ನುತ್ತಾ ಗುಳ್ಳೆ ಬಿಡಿ.
ಒಂದು ಹೇಳಿ, ಸ್ವರ ಮೆಲ್ಲಮೆಲ್ಲಗೆ ಹೋಯಿತಾ, ಇಲ್ಲಾ ಒಮ್ಮೆಲೇ?

ಹವ್ಯಾಸಿ_ಭಾಗವತ:
ಒಮ್ಮೆಲೇ. ಬೆಳಗಿನ ಜಾವ ಒಂದು ಪದ್ಯದ ನಡುವೆ ಟಪ್ ಅಂತ ಹೋಯಿತು. ಸುಸ್ತು ಅಂದುಕೊಂಡೆ.

ವಾಕ್_ಚಿಕಿತ್ಸಕಿ:
ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು ಸರ್. ಸ್ಟ್ರಾ ಎಲ್ಲ ಬಿಡಿ. ತಂತುವಿನ ಸಣ್ಣ ರಕ್ತನಾಳ ಒಡೆದಿರಬಹುದು. ನೋಡದೆ ಹೇಳಲಾಗದು, ನಾಳೆಯೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ, ಸ್ಟ್ರೋಬೋಸ್ಕೋಪಿ (ತಂತುಗಳ ಕಂಪನವನ್ನು ನಿಧಾನವಾಗಿ ತೋರಿಸುವ ಪರೀಕ್ಷೆ) ಇರುವ ಕಡೆ ಆದರೆ ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಸ್ವರದ ತೊಂದರೆ ನೋಡುತ್ತಾರೆ, ಆದರೆ ಅಷ್ಟು ದೂರ ಅಂತ ಕಾಯುತ್ತಾ ಕೂರಬೇಡಿ. ಅಲ್ಲಿವರೆಗೆ ಪೂರ್ತಿ ಮೌನ. ಆಸ್ಪಿರಿನ್, ಐಬುಪ್ರೊಫೆನ್ ನೀವಾಗಿ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಹೃದಯಕ್ಕೆಂದು ಡಾಕ್ಟರ್ ಕೊಟ್ಟದ್ದಾದರೆ ಮಾತ್ರ ಅವರನ್ನು ಕೇಳದೆ ನಿಲ್ಲಿಸಬೇಡಿ.

ಮದ್ದಳೆ_ಪೆಟ್ಟು:
ಮುಂದಿನ ಆಟಕ್ಕೆ ಮಾನಿಟರ್ ಇಲ್ಲದಿದ್ದರೆ ಹತ್ತುವುದೇ ಇಲ್ಲ ಅನ್ನಿ. ಚೆಂಡೆಯವರಿಗೆ ನಾನು ಹೇಳುತ್ತೇನೆ.

ಹವ್ಯಾಸಿ_ಭಾಗವತ:
ಶನಿವಾರಕ್ಕೆ ಬೇರೆ ಭಾಗವತರು ಒಪ್ಪಿದರು. ನಾಳೆ ಮಣಿಪಾಲಕ್ಕೆ ಹೋಗುತ್ತೇನೆ. ಮನೆಯಲ್ಲಿ ಈಗ ಸ್ಲೇಟು ಹಿಡಿದು ಓಡಾಡುತ್ತಿದ್ದೇನೆ, ಮಗಳಿಗೆ ನಗುವೋ ನಗು.