ಟೋಪಿಯವನು ಹೊದಿಸಿದ ಹೊದಿಕೆ

ಮಳೆ ಹಿಡಿದ ಭಾನುವಾರ. ಜಗುಲಿಯಲ್ಲಿ ಮೇಷ್ಟರು, ವಕೀಲರು, ನಾನು. ಕಾಫಿಯ ಉಸ್ತುವಾರಿ ನನ್ನದು.

"ಕಾನೂನು, ಶಿಕ್ಷೆಗಳಿಂದ ಆಳಿದರೆ ಜನ ತಪ್ಪಿಸಿಕೊಳ್ಳಲು ಕಲಿಯುತ್ತಾರೆ, ನಾಚಲು ಕಲಿಯುವುದಿಲ್ಲ. ಹಳೆಯ ಚೀನಾದ ಗುರು ಕನ್ಫ್ಯೂಷಿಯಸ್ ಹೇಳಿದ್ದು ಇದನ್ನೇ," ಎಂದರು ಮೇಷ್ಟರು. ಮೂವತ್ತು ವರ್ಷ ಬೆತ್ತ ಹಿಡಿದ ಕೈಯನ್ನು ಎತ್ತಿಯೇ ಹೇಳಿದರು.

"ಅಪ್ಪ ಕುರಿ ಕದ್ದರೆ ಮಗ ಅದನ್ನು ಮುಚ್ಚಿಡಬೇಕು ಎಂದವರೂ ಅವರೇ ತಾನೆ?" ವಕೀಲರು ಕೆಣಕಿದರು.

"ಪ್ರಾಮಾಣಿಕತೆ ಇರುವುದೇ ಅದರಲ್ಲಿ ಎಂದರು."

"ಕುರಿಯ ಒಡೆಯನನ್ನು ಕೇಳಿ ನೋಡಿ! ಅದೇ ಚೀನಾದ ಚಿನ್ ರಾಜ್ಯದಲ್ಲಿ ಕಠಿಣ ಕಾನೂನು ತಂದ ಮಂತ್ರಿ ಷಾಂಗ್ ಯಾಂಗ್ ಅಂಥವನಲ್ಲ. ಸಂತೆಯ ದಕ್ಷಿಣ ಬಾಗಿಲಲ್ಲಿ ಕಂಬ ನೆಡಿಸಿ, ಉತ್ತರ ಬಾಗಿಲಿಗೆ ಒಯ್ದವರಿಗೆ 10 ಹೊನ್ನು ಎಂದ. ಯಾರೂ ನಂಬಲಿಲ್ಲ. 50 ಎಂದ. ಒಬ್ಬ ಹೊತ್ತೊಯ್ದ, ಇವನು ಎಣಿಸಿಕೊಟ್ಟ. ಸರ್ಕಾರದ ಮಾತೆಂದರೆ ಅದು."

"ಕತೆಯ ಬಾಲವನ್ನೂ ಹೇಳಿ. ಕ್ರಿ.ಪೂ. 338ರಲ್ಲಿ ಅವನೇ ತಲೆತಪ್ಪಿಸಿಕೊಂಡು ಓಡುವಾಗ ಛತ್ರದವನು ಒಳಗೆ ಬಿಡಲಿಲ್ಲ. ಗುರುತಿನ ಪತ್ರವಿಲ್ಲದವರಿಗೆ ಜಾಗ ಕೊಟ್ಟರೆ ಶಿಕ್ಷೆ, ಷಾಂಗ್ ಪ್ರಭುಗಳ ಕಾನೂನು ಎಂದ. ಎದುರಿಗಿದ್ದವನು ಅದೇ ಪ್ರಭು!"

ಮೇಷ್ಟರು ಗೆದ್ದೆನೆಂದು ಲೋಟಕ್ಕೆ ಕೈ ಚಾಚಿದರು.

"ನೋಡಿದಿರಾ," ಎಂದರು ವಕೀಲರು, ಒಂದಿಷ್ಟೂ ಅಳುಕದೆ, "ಕಾನೂನು ಎಷ್ಟು ಚೆನ್ನಾಗಿ ಕೆಲಸ ಮಾಡಿತು!"

ಅಲ್ಲಿಗೆ ನಿಲ್ಲಿಸಲಿಲ್ಲ. ಕಾನೂನಿನ ಆಳ್ವಿಕೆಯನ್ನೇ ಎತ್ತಿಹಿಡಿದ ಚೀನಾದ ಚಿಂತಕ ಹಾನ್ ಫೇಯಿ ಹೇಳಿದ ಕತೆ ತೆಗೆದರು. ಹಾನ್ ರಾಜ್ಯದ ದೊರೆ ಕುಡಿದು ಮಲಗಿದ್ದ. ಚಳಿಯಾದೀತೆಂದು, ದೊರೆಯ ಟೋಪಿ ನೋಡಿಕೊಳ್ಳುವ ಅಧಿಕಾರಿ ನಿಲುವಂಗಿ ಹೊದಿಸಿದ. ಎಚ್ಚರವಾದ ದೊರೆಗೆ ಸಂತೋಷವೇನೋ ಆಯಿತು. ಹೊದಿಸಿದ್ದು ಯಾರೆಂದು ತಿಳಿದ ಮೇಲೆ ಇಬ್ಬರನ್ನೂ ದಂಡಿಸಿದ. ನಿಲುವಂಗಿಯವನು ತನ್ನ ಕೆಲಸ ಮಾಡಲಿಲ್ಲ, ಟೋಪಿಯವನು ತನ್ನದಲ್ಲದ ಕೆಲಸ ಮಾಡಿದ! ನಾನು ಕೆಲಸ ಮಾಡಿದ ಕಚೇರಿಯಲ್ಲಿ ಈ ನೀತಿಯ ಅರ್ಧ ಮಾತ್ರ ಜಾರಿಯಲ್ಲಿತ್ತು: ದಂಡ ಯಾವಾಗಲೂ ಟೋಪಿಯವನಿಗೇ.

ಮೇಷ್ಟರು ಗಂಟಲು ಸರಿಪಡಿಸಿಕೊಂಡು, ದೊರೆಯ ಸದ್ಗುಣ ಗಾಳಿಯಂತೆ, ಪ್ರಜೆಗಳು ಹುಲ್ಲಿನಂತೆ, ಗಾಳಿ ಬೀಸಿದತ್ತ ಹುಲ್ಲು ಬಾಗುತ್ತದೆ ಎಂದು ಶುರುಮಾಡಿದರು. ಗಾಳಿ ಸಾಕಷ್ಟು ಬೀಸಿತು. ಐದು ನಿಮಿಷದಲ್ಲಿ ವಕೀಲರು ಬಾಗಿ, ಒರಗಿ, ಗೊರಕೆ ಹೊಡೆಯತೊಡಗಿದರು. ಇರಚಲು ಅವರ ಕಾಲಿನವರೆಗೆ ಬಂತು.

ಪಕ್ಕದಲ್ಲಿದ್ದ ಶಾಲಿಗೆ ಕೈ ಹಾಕಿದವನು ಹಿಂದೆಗೆದೆ. "ಮೇಷ್ಟರೇ, ನನ್ನದು ಕಾಫಿಯ ಖಾತೆ."

ವಕೀಲರ ಒಂದು ಕಣ್ಣು ತೆರೆಯಿತು.

"ಹೊದಿಸಿ, ಪರವಾಗಿಲ್ಲ. ನಾನು ಮಲಗಿರುವಾಗ ಕನ್ಫ್ಯೂಷಿಯಸ್‌ನ ಆಳ್ವಿಕೆ."